ಸಾವಿರದ ಜೋಡಿಗಳು

ಫ್ಲೋರಿನ್ ಟೀಚರು ಬೋರ್ಡಿನಲ್ಲಿ ಬರೆದದ್ದು ಒಂದೇ ಸಾಲು:
ಸಾವಿರದ ಅಪವರ್ತನ ಜೋಡಿಗಳನ್ನೆಲ್ಲ ಹುಡುಕಿ ತನ್ನಿ.
ಒಂದೂ ಬಿಡಬಾರದು.

ನಮ್ಮ ಮನೆಗೆ ಸಾವಿರವೇನು ಹೊಸತಲ್ಲ.
ಕುತ್ತಾರಿನ ಗುಡ್ಡೆಯ ಕೆಳಗೆ, ಜಗಲಿಯ ಗೋಡೆಗೆ ಬೆನ್ನು ಕೊಟ್ಟು
ಉಮ್ಮ ದಿನವೂ ಸುರುಟುವ ಸಂಖ್ಯೆ ಅದು.
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಕತ್ತರಿ,
ಹೊಗೆಸೊಪ್ಪಿನ ಹುಡಿ, ಕೆಂಪು ನೂಲಿನ ಉಂಡೆ.
ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಕೂಲಿ.
ಮೊದಲ ಜೋಡಿ ಹಾಗೆ ಪುಕ್ಕಟೆ ಸಿಕ್ಕಿತು.

ಉಳಿದದ್ದಕ್ಕೆ ಕಟ್ಟು ಬಿಚ್ಚಲೇ ಎಂದೆ.
‘ಬಿಚ್ಚಿದರೆ ಕಟ್ಟುವವರು ಯಾರು, ನಿನ್ನ ಟೀಚರಾ?’
ನೂಲನ್ನು ಹಲ್ಲಲ್ಲಿ ಕಡಿದು ಉಮ್ಮ
ಚಾಪೆ ಬಿಡಿಸಿಕೊಟ್ಟಳು: ‘ಕಟ್ಟನ್ನೇ ಸಾಲು ಇಡು.’

ಎರಡು ಸಾಲು ಇಟ್ಟೆ, ಸಾಲಿಗೆ ಐನೂರು.
ಮೂರು ಸಾಲಿಗೆ ಒಂದು ಕಟ್ಟು ಚಾಪೆಯ ಹೊರಗೆ
ಕರೆಯದ ಮನೆಗೆ ಬಂದವರ ಹಾಗೆ ಕುಳಿತಿತು.
ನಾಲ್ಕು ಸರಿ. ಐದು ಸರಿ.
ಆರೂ ಆಗಲಿಲ್ಲ, ಏಳೂ ಆಗಲಿಲ್ಲ.
ಎಂಟು ಸಾಲಿಗೆ ಐದೈದು ಕಟ್ಟು, ನೂರಿಪ್ಪತ್ತೈದು!
ಚಾಪೆಯ ಮೇಲೆ ನಾನು ಮೊಣಕಾಲಲ್ಲಿ ನಡೆಯುತ್ತಿದ್ದೆ,
ಉಮ್ಮನ ಬೆರಳು ನಲವತ್ತೊಂದನೆಯ ಕಟ್ಟಿನಲ್ಲಿತ್ತು.

ಪುಸ್ತಕದಲ್ಲಿ ಬರೆಯುವಾಗ ಕಂಡದ್ದು:
ಒಂದಕ್ಕೆ ಸಾವಿರ, ಎರಡಕ್ಕೆ ಐನೂರು, ನಾಲ್ಕಕ್ಕೆ ಇನ್ನೂರೈವತ್ತು,
ಈಚೆಯದು ಏರುತ್ತದೆ, ಆಚೆಯದು ಇಳಿಯುತ್ತದೆ,
ತೋಡಿನ ಸಂಕದ ಎರಡು ತುದಿಯಿಂದ
ಒಟ್ಟಿಗೇ ಹೊರಟವರು.
ಐದು, ಎಂಟು, ಹತ್ತು, ಇಪ್ಪತ್ತು ದಾಟಿ
ಇಪ್ಪತ್ತೈದು ನಲವತ್ತರ ಮುಖ ನೋಡಿತು.
ಮೂವತ್ತೊಂದರ ನಂತರ ಹುಡುಕುವುದೇ ಬೇಡ,
ಅಲ್ಲಿರುವುದೆಲ್ಲ ಆಗಲೇ ನೋಡಿದ ಮುಖಗಳು.
ಎಂಟು ಜೋಡಿ. ಮಲಗಿದೆ.

ಬೆಳಿಗ್ಗೆ ಬೀಡಿ ಬ್ರಾಂಚಿನಲ್ಲಿ ಚೆಕ್ಕರ್ ಮೋನಪ್ಪಣ್ಣ
ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿ
ಒಂಬತ್ತು ತೆಗೆದು ಬದಿಗಿಟ್ಟ. ತಲೆ ಸಡಿಲ ಅಂತೆ.
ಒಂಬೈನೂರ ತೊಂಬತ್ತೊಂದು.

ಸಾಲಿನಲ್ಲಿ ನಿಂತೇ ಭಾಗಿಸಿದೆ,
ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ,
ಉಮ್ಮನ ಬುರ್ಖಾದ ತುದಿ ಹಿಡಿದು ಮೂವತ್ತೊಂದರವರೆಗೂ.
ಎಂಟೇ ತೆಗೆದಿದ್ದರೆ
ಮೂವತ್ತೊಂದು ಮೂವತ್ತೆರಡು ಕೈ ಹಿಡಿಯುತ್ತಿದ್ದವು.
ಒಂದು ಬೀಡಿ, ಮಾರಾಯ್ರೆ, ಒಂದೇ ಒಂದು.
ಈಗ ಅದಕ್ಕೆ ಒಂದನ್ನು ಬಿಟ್ಟರೆ ತಾನೇ ಗತಿ,
ಇಟ್ಟರೆ ಒಂದೇ ಸಾಲು, ನಮ್ಮ ಮನೆಯಿಂದ
ಬಾವಿಕಟ್ಟೆ ದಾಟಿ, ಯಾರ ಅಂಗಳಕ್ಕೋ.

ಅವತ್ತು ಏನಾಗಿತ್ತೋ, ಮೋನಪ್ಪಣ್ಣ ಮುರಿಯದೆ
ಒಂಬತ್ತನ್ನೂ ಹಿಂದೆ ಕೊಟ್ಟ.
ದಾರಿಯ ಮೋರಿಕಟ್ಟೆಯಲ್ಲಿ ದಣಿವಾರಲು ಕುಳಿತ ಉಮ್ಮ
ಅವನ್ನು ಸುಮ್ಮನೆ ಇಟ್ಟಳು,
ಮೂರು, ಅದರ ಕೆಳಗೆ ಮೂರು, ಕೆಳಗೆ ಮೂರು.
‘ಇದು ನಿನ್ನ ಲೆಕ್ಕಕ್ಕೆ ಬರ್ತದಾ?’

ಬರ್ತದೆ ಉಮ್ಮ. ಮೂರಕ್ಕೆ ಮೂರೇ ಜೋಡಿ.
ಬೇರೆ ಯಾರೂ ಬೇಡ ಅದಕ್ಕೆ.

ಹೌದಾ, ಅಂದವಳು ನೂಲು ಬಿಚ್ಚಿ,
ಎಲೆ ತೋಡಿಗೆ ಬಿಟ್ಟು, ಹುಡಿಯನ್ನು ಉದುರದ ಹಾಗೆ
ಪಾಸ್‌ಬುಕ್ಕಿನ ನಡುವೆ ಮಡಚಿದಳು.
ಶಾಲೆಯ ಗಂಟೆ ಕೇಳಿಸಿತು.
ನಾನು ಓಡಿದೆ.