ಒಂದು ತಬ್ಬು ಸಿಪ್ಪೆ

ನಮ್ಮ ಕಡೆ ಕಬ್ಬಿನ ರಸಕ್ಕೆ ಹಾಲು ಅಂತಲೇ ಹೆಸರು.
ಗಾಣದಿಂದ ಹಾಲು ಬಂತು, ಕೊಪ್ಪರಿಗೆಗೆ ಹಾಲು ಬಿಡು,
ಹಾಲು ಉಕ್ತದೆ ನೋಡ್ಲಾ—
ಹೀಗೇ ಮಾತು, ರಾತ್ರಿಯಿಡೀ.
ಹನಕೆರೆ ದಾಟಿ, ನಾಲೆ ಏರಿಯ ಕೆಳಗೆ ಆಲೆಮನೆ.
ತೂಕದ ಪುಸ್ತಕ ಬರೆಯೋನು ನಾನು,
ಪಾಕ ಹಿಡಿಯೋನು ಚನ್ನಿಂಗಣ್ಣ,
ಒಲೆಗೆ ಉರಿ ಹಾಕೋಳು ಜವರಮ್ಮ.

ಪುಷ್ಯದ ಚಳಿ. ಮೂರನೇ ಕೊಪ್ಪರಿಗೆ ಒಲೆ ಮೇಲೆ.
ಒಣಗಿದ ಸಿಪ್ಪೆ ಒಂದು ತಬ್ಬು ಎದೆಗವಚಿ
ಬಗ್ಗಿದವಳು ಬಗ್ಗಿದಂತೆಯೇ ನಿಂತಳು.
ತಬ್ಬಿನೊಳಗಿಂದ ಸೂಜಿಯಂಥ ದನಿ.
ಬೆಂಕಿಗೂ ಅವಳ ಮೊಣಕೈಗೂ ಒಂದು ಗೇಣು.

"ಉರೀ! ಉರಿ ತಗ್ತು ಕಣಮ್ಮೀ!" ಚನ್ನಿಂಗಣ್ಣ, ಮೇಲಿಂದ.
ಅವಳು ಮಾತಾಡಲಿಲ್ಲ. ತಬ್ಬನ್ನು ನೆಲಕ್ಕಿಳಿಸಿ ಬಿಡಿಸಿದಳು,
ಮದುವೆ ಸೀರೆಯ ಮಡಿಕೆ ಬಿಚ್ಚುವ ಹಾಗೆ.
ಎರಡು. ಕಣ್ಣು ಬಿಟ್ಟಿಲ್ಲ, ಕಿವಿ ಅಂಟಿದೆ,
ಹೊಕ್ಕುಳ ಹಸಿ, ಮೈಮೇಲೆ ಸಿಪ್ಪೆಯ ಪುಡಿ.
ಮೆದೆಯ ಗೂಡಲ್ಲಿ ತಾಯಿ. ಕಾಲಡಿ ಇನ್ನೊಂದು.
ಮತ್ತೊಂದು ಅರ್ಧ ಹೊರಗೆ, ಬಾಲ ಮೊದಲು,
ಅಲ್ಲೇ ನಿಂತುಬಿಟ್ಟಿತ್ತು.
ತಾಯಿ ಕೂಗುತ್ತಲೂ ಇರಲಿಲ್ಲ,
ಬಾಯಿ ತೆರೆದು ನಮ್ಮನ್ನು ನೋಡುತ್ತಿತ್ತು.
ಬೀದಿ ಬೆಕ್ಕು. ನಾನೇ ಎರಡು ಸಲ ಚಪ್ಪಲಿ ಎಸೆದಿದ್ದೆ.

ನೊರೆ ಇಳಿಸೋಕೆ ಇಟ್ಟ ಹರಳೆಣ್ಣೆಯ ಗಿಂಡಿ
ಕೊಪ್ಪರಿಗೆ ಮಗ್ಗುಲಿಂದ ಅವಳ ಕೈಗೆ ಬಂತು.
ಎರಡು ಬೆರಳು, ಎಣ್ಣೆ.
ತಾಯಿ ಮುಕ್ಕಿದಾಗ ಮಾತ್ರ ಎಳೆಯುವುದು,
ಬಿಟ್ಟಾಗ ಬಿಡುವುದು.
"ಮುಕ್ಕು ನನ್ನವ್ವ, ಇನ್ನೊಂದ್ಸಲ..."
ಟಾರ್ಚು ಹಿಡಿದವನು ನಾನು. ಕೈ ನಡುಗಿ ಬೆಳಕು
ಗೋಡೆಗೆ, ಗಾಣಕ್ಕೆ, ಮತ್ತೆ ಗೋಡೆಗೆ ಓಡಾಡಿತು.

ಉರಿಗೆ ಏನು ಹಾಕಿದಿರಿ ಎಂದು ಕೇಳಬೇಡಿ.
ಮೆದೆ ಮುಟ್ಟಬ್ಯಾಡಿ ಅಂದಳು, ಮುಟ್ಟಲಿಲ್ಲ.
ತೆಂಗಿನ ಚಿಪ್ಪು ಮುಗಿಯಿತು, ಮುರಿದ ನೊಗ ಮುಗಿಯಿತು,
ಆಮೇಲೆ ವ್ಯಾಪಾರಿಗಳು ಕೂರುವ ಬೆಂಚು.
ಬೈಯುತ್ತಲೇ ಕೊಡಲಿ ಎತ್ತಿದವನು ಚನ್ನಿಂಗಣ್ಣ.

ನಾಲ್ಕನೆಯದು ಬಂತು. ಉಸಿರಿರಲಿಲ್ಲ.
ಗೋಣಿತಾಟಿನಿಂದ ಉಜ್ಜಿದಳು, ಮೂಗಿಗೆ ಬಾಯಿಟ್ಟು ಊದಿದಳು.
ಊದುಕೊಳವೆ ಹಿಡಿದ ತುಟಿ ಅದು,
ಬೂದಿಯೊಳಗಿನ ಕೆಂಡ ಎಷ್ಟೋ ಎಬ್ಬಿಸಿದ್ದು.
ಏಳಲಿಲ್ಲ.
"ಒಲೆಗಾಕ್ಬುಡು" ಅಂದ ಗಾಣದ ಹುಡುಗ.
ಅವಳು ತಿರುಗಿ ನೋಡಿದ್ದಕ್ಕೇ ಅವನು ಕತ್ತಲಿಗೆ ಸರಿದ.
ಹರಳುಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದಳು.
ಹೆತ್ತವರು ಜವರಾಯನ ಹೆಸರಿಟ್ಟಿದ್ದರು ಅವಳಿಗೆ.
ಅವನೋ, ಲೆಕ್ಕಕ್ಕೆ ಒಂದನ್ನು ಇಸಕೊಂಡೇ ಹೋದ.

ಇಷ್ಟಾದರೂ ತಾಯಿಗೆ ಹಾಲಿಲ್ಲ.
ಕೊಪ್ಪರಿಗೆ ತುಂಬ ಹಾಲು ಕುದಿಯುವ ಮನೆಯಲ್ಲಿ
ಒಂದು ತೊಟ್ಟು ಹಾಲಿಲ್ಲ.
ಬೆಲ್ಲ ನೀರಲ್ಲಿ ಕದಡಿ ಇಟ್ಟೆ, ಮೂಸಿ ಮುಖ ತಿರುಗಿಸಿತು.
ಬೆಕ್ಕಿನ ನಾಲಿಗೆಗೆ ಸಿಹಿ ಅನ್ನೋದೇ ಹತ್ತುವುದಿಲ್ಲವಂತೆ,
ದನದ ಆಸ್ಪತ್ರೆಯ ಕಾಂಪೌಂಡರ್ ಆಮೇಲೆ ಹೇಳಿದ.
ಇಪ್ಪತ್ತು ವರ್ಷದ ನಮ್ಮ ದುಡಿಮೆ ಅದಕ್ಕೆ ಬರೀ ಬಿಸಿ ಮಣ್ಣು.
ಜವರಮ್ಮನ ಬುತ್ತಿಯ ಒಣಮೀನಿನ ತಲೆ ತಿಂದಿತು.
ಮರಿಗಳು ಅವಳ ರವಿಕೆಯೊಳಗೆ.
ಹಾಗೇ ಉರಿ ಹಾಕಿದಳು, ಬೆಂಕಿಗೆ ಬೆನ್ನು ಕೊಟ್ಟು, ಓರೆಯಾಗಿ.
ಕೋಳಿ ಕೂಗೋ ಹೊತ್ತಿಗೆ ತಾಯಿ ತೊರೆಬಿಟ್ಟಿತು.

ಆ ಕೊಪ್ಪರಿಗೆಯ ಪಾಕ ಕೆಟ್ಟಿತು. ಅಚ್ಚು ಕಪ್ಪಗೆ ಬಂತು.
ಎರಡನೇ ದರ್ಜೆ ಎಂದು ಬರೆದೆ, ಕಾರಣ ಬರೆಯಲಿಲ್ಲ.
ಬೆಂಚೆಲ್ಲಿ ಅಂತ ಸಾಹುಕಾರ ಕೇಳಿದ.
ಗೆದ್ದಲು ಎಂದೆವು, ಮೂವರೂ ಒಟ್ಟಿಗೆ.

ಒಂಬತ್ತನೇ ದಿನ ಬೆಕ್ಕು ಒಂದೊಂದೇ ಮರಿಯ ಕತ್ತು ಕಚ್ಚಿ ಹೊರಟಿತು.
ಏಳು ಮನೆ ತಿರುಗಿಸಬೇಕಲ್ಲ, ನಮ್ಮದು ಎಷ್ಟನೆಯದೋ.
ತಿರುಗಿ ನೋಡಲಿಲ್ಲ. ನೋಡಬೇಕಂತೇನೂ ಇಲ್ಲ.

ಈಗಲೂ ಜವರಮ್ಮ ಸಿಪ್ಪೆ ತಬ್ಬುವ ಮುಂಚೆ
ಮೆದೆಗೆ ಪಾದದಿಂದ ಎರಡು ಸಲ ತಟ್ಟುತ್ತಾಳೆ,
ಕಿವಿಗೊಟ್ಟು ನಿಲ್ಲುತ್ತಾಳೆ.
ಅಷ್ಟು ಹೊತ್ತು ಉರಿ ತಗ್ಗುತ್ತದೆ.
ಚನ್ನಿಂಗಣ್ಣ ಕೂಗುವುದಿಲ್ಲ.