ಕೆಳದವಡೆ, ಎಡಗಡೆ, ಆರನೆಯದು

ಮೊದಲ ಸಲ ವಿಲ್ನಿಸ್ ಒಳಗೆ ಬರಲಿಲ್ಲ.
ಕಾರಿಡಾರಿನ ಬೆಂಚಿನಲ್ಲಿ ರೇಡಿಯೇಟರಿಗೆ ಬೆನ್ನು ಕೊಟ್ಟು
ಉಣ್ಣೆ ಟೋಪಿ ತೆಗೆಯದೆ ಕುಳಿತಿದ್ದ.
ಹೊರಗೆ ದೌಗಾವಾ ಹೆಪ್ಪುಗಟ್ಟಿ, ಮೀನಿನ ಮುದುಕರು
ನದಿಗೆ ತೂತು ಕೊರೆಯುತ್ತಿದ್ದ ಜನವರಿ.
ನನ್ನ ಕೈಯಲ್ಲೂ ಕೊರೆಯುವುದೇ.
ಅದರ ಸದ್ದು ಬಾಗಿಲು ದಾಟಿದ್ದೇ ತಡ, ಎದ್ದು ಹೋದ.

ಎರಡನೆಯ ಸಲ ಹೊಸ್ತಿಲವರೆಗೆ.
ಮೂರನೆಯ ಸಲ ಕುರ್ಚಿಯನ್ನು ಮುಟ್ಟಿ ನೋಡಿದ,
ಗುರುತಿಲ್ಲದ ಕುದುರೆಯ ಮೈ ಸವರುವ ಹಾಗೆ.
ನಾಲ್ಕನೆಯ ಸಲ ಬರಲೇ ಇಲ್ಲ.
ಐದನೆಯ ಸಲ ನಾನೇ ಕುರ್ಚಿಯಲ್ಲಿ ಒರಗಿ
ಅವನ ಕೈಗೆ ಪುಟ್ಟ ಕನ್ನಡಿ ಕೊಟ್ಟೆ.
ನನ್ನ ಇಪ್ಪತ್ತಾರನ್ನೂ ಎಣಿಸಿ
"ನಿಮ್ಮದೂ ಅಷ್ಟಕ್ಕಷ್ಟೇ, ಡಾಕ್ಟರೇ" ಅಂದ.
ನಕ್ಕೆವು. ನರ್ಸ್ ಜೆಲ್ಮಾ ಗಡಿಯಾರ ನೋಡಿದಳು.
ಹೊರಗೆ ನಾಲ್ಕು ಜನ ಕಾದಿದ್ದರು.

ಆರನೆಯ ಸಲ ಹೇಳಿದ: ಹಲ್ಲು ಮಾತಾಡುತ್ತದೆ.
ರಾತ್ರಿ ಎರಡಕ್ಕೆ ಶುರು. ಕೆಳದವಡೆ, ಎಡಗಡೆ, ಆರನೆಯದು.
ಯಾರೋ ಅಲ್ಲೊಂದು ಯಂತ್ರವಿಟ್ಟು ಮೇಲೆ ಬೆಳ್ಳಿ ತುಂಬಿದ್ದಾರೆ.
ಅದು ಹವಾಮಾನ ವರದಿ ಓದುತ್ತದೆ,
ಆಮೇಲೆ ಅವನ ತಾಯಿಯ ಹೆಸರು ಕೂಗುತ್ತದೆ.
ಹೌದೆನ್ನಲಿಲ್ಲ ನಾನು. ಅಲ್ಲವೆನ್ನಲಿಲ್ಲ.
"ನೋವಿದೆಯಾ?" ಎಂದೆ.
ಅವನು ನೋಡಿದ, ಈ ಪ್ರಶ್ನೆ
ಇಷ್ಟು ವರ್ಷ ಯಾವ ಟ್ರಾಮಿನಲ್ಲಿ ಸುತ್ತುತ್ತಿತ್ತು,
ಈಗ ಇಳಿಯಿತಾ, ಎನ್ನುವ ಹಾಗೆ.

ಏಳನೆಯ ಸಲ.
ದಿನಕ್ಕೆ ನಲವತ್ತು ಸಲ ನಾನಾಡುವ ಮಾತು: ಬಾಯಿ ಬಿಡಿ.
ಅವನಿಗೆ ಅದನ್ನು ಬೇರೆಯವರೂ ಹೇಳಿದ್ದರು,
ಬೇರೆ ಸರ್ಕಾರದ ಕಾಲದಲ್ಲಿ, ಬೇರೆ ಕುರ್ಚಿಯಲ್ಲಿ ಕೂರಿಸಿ,
ಹಲ್ಲಿನ ಉಸಾಬರಿ ಇಲ್ಲದವರು.
ಹಾಗಾಗಿ ಹೇಳಲಿಲ್ಲ. ಕಾದೆ.
ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ, ಎಂದಷ್ಟೇ ಅಂದೆ.
ಪರೀಕ್ಷೆಗೆಂದು ಮೂರು ಸಲ ಎತ್ತಿದ.
ಮೂರು ಸಲವೂ ನಿಲ್ಲಿಸಿದೆ,
ಇನ್ನೂ ಏನನ್ನೂ ಶುರುಮಾಡದೆಯೇ.

ಆಮೇಲೆ ಅದು ತಾನಾಗಿ ತೆರೆಯಿತು.
ಮಾತ್ರೆಗಳು ಒಣಗಿಸಿದ ಬಾಯಿ. ತುಟಿಯ ಮೂಲೆ ಸೀಳಿ,
ನಾಲಗೆ ಅಂಗುಳಕ್ಕೆ ಅಂಟಿ ಬಿಡುವಾಗಿನ ಚಟ್ ಸದ್ದು.
ಒಣಗಿತೆಂದು ದಿನವಿಡೀ ಸಕ್ಕರೆ ಚಹಾ, ಲಿಂಬೆ ಮಿಠಾಯಿ.
ಮನಸ್ಸನ್ನು ಎತ್ತಿ ನಿಲ್ಲಿಸಿದ ಔಷಧಿ
ಹಲ್ಲನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.
ಬೆಳ್ಳಿಯ ಅಡಿ ಯಂತ್ರವಿರಲಿಲ್ಲ.
ಕೀವಿತ್ತು, ಬೇರಿನ ತುದಿಯವರೆಗೂ.
ಹಳೆಯ ಕೀವು, ಮಲಗಿದರೆ ರಕ್ತವೇರಿ ಮಿಡಿಯುವಂಥದು.
ರಾತ್ರಿ ಎರಡಕ್ಕೆ.

ಕಡತ ತೆರೆದೆ. ಒಂಬತ್ತು ವರ್ಷ ಹಿಂದಿನ ಹಾಳೆ:
ಹಲ್ಲುನೋವು ಎನ್ನುತ್ತಾನೆ. ಭ್ರಮೆ. ಚಿಕಿತ್ಸೆ ಬೇಕಿಲ್ಲ.
ಸಾಲಿನ ಕೊನೆಯ ಪದವನ್ನು ಅಂಚಿನಾಚೆಗೆ
ಜಾರಿಸಿ ಬರೆಯುವವರು ಈ ಕಟ್ಟಡದಲ್ಲಿ ಒಬ್ಬಳೇ.
ನನ್ನ ಸಹಿ ನನ್ನನ್ನೇ ನೋಡಿತು.
ಅವನು ನನ್ನ ಗುರುತು ಹಿಡಿದಿದ್ದನೇ, ಅಂದಿನಿಂದ?
ಆ ಬೆಂಚು, ಆ ಟೋಪಿ, ಅದಕ್ಕೇ ಇದ್ದೀತೇ?
ಕೇಳಲು ನನಗೆ ಬಾಯಿ ಬರಲಿಲ್ಲ.

ಕಿತ್ತೆ. ನಡುವೆ ಒಮ್ಮೆ ಎಡಗೈ ಎದ್ದಿತು.
ನಿಂತೆ. ಇಳಿಯಿತು.
ಹಲ್ಲು ಕೊಡಿ ಎಂದು ಸನ್ನೆ ಮಾಡಿದ.
ಬೆಳಕಿಗೆ ಹಿಡಿದ, ಆಮೇಲೆ ಕಿವಿಗೆ.
ಅಕಾರ್ಡಿಯನ್ ರಿಪೇರಿಯವನ ಕಿವಿ ಅದು,
ಒಂದು ರೀಡು ಸುಳ್ಳು ನುಡಿದರೆ ಹಿಡಿದುಬಿಡುವಂಥದು.
ಹತ್ತಿ ಕಚ್ಚಿಕೊಂಡೇ ತೊದಲಿದ:
"ಇದು ಸುಮ್ಮನಾಯಿತು.
ಬೇರೆಯವು ಆಡುತ್ತಲೇ ಇವೆ. ಇದಲ್ಲ."

ಜೆಲ್ಮಾ ತನ್ನ ಬೆಂಕಿಪೊಟ್ಟಣ ಖಾಲಿ ಮಾಡಿ ಅದರಲ್ಲಿ ಹಲ್ಲಿಟ್ಟು ಕೊಟ್ಟಳು.
ಮೆತ್ತನೆ ಬ್ರಷ್ಷು, ಬಾಯಿ ತೇವಕ್ಕೊಂದು ಜೆಲ್ಲು,
ಮುಂದಿನ ಮಂಗಳವಾರದ ಚೀಟಿ.
ಬಾಗಿಲಲ್ಲಿ ತಿರುಗಿ ಅಂದ:
"ನಿಮ್ಮ ಮೇಲಿನ ಬಲಗಡೆಯದು. ಯಾರಿಗಾದರೂ ತೋರಿಸಿ."

ಸಂಜೆ ಆ ಹಳೆಯ ಸಾಲನ್ನು ಹೊಡೆದುಹಾಕಲು ಪೆನ್ನು ತೆಗೆದೆ.
ಹೊಡೆಯಲಿಲ್ಲ. ಇರಲಿ, ಕಾಣಲಿ.
ಕೆಳಗೆ ಬರೆದೆ: ನೋವು ನಿಜ. ದಿನಾಂಕ. ಸಹಿ,
ಈ ಸಲ ಅಂಚಿನೊಳಗೇ.
ನದಿಯ ಮೇಲೆ ಮುದುಕರು ಲಾಟೀನು ಹಚ್ಚಿದ್ದರು.
ನಾಲಗೆ ತಾನಾಗಿ ಹೋಗಿ
ಮೇಲಿನ ಬಲಗಡೆ ತಡಕಿತು.