ಸೊನ್ನೆ ಟಿಕೆಟ್ಟು

ಭದ್ರಾವತಿ ಬಸ್ಸಿನ ಮೊದಲ ಟ್ರಿಪ್ಪಿಗೇ
ಪೊಟ್ಟಣದ ಹುಡುಗ ಹತ್ತುತ್ತಾನೆ, ಬಿಸಿ ಬಿಸಿ ಶೇಂಗಾ.
ಸಿಪ್ಪೆ ನನ್ನ ಚಪ್ಪಲಿಯಡಿ ಚಟಪಟ.
ಡ್ಯೂಟಿ ಮುಗಿಸಿ ಮನೆಗೆ ಹೋದರೆ
ಖಾಕಿ ಅಂಗಿ ಬಚ್ಚಲಲ್ಲೇ ಕಳಚಿ
ಮೊಣಕೈವರೆಗೆ ಸೋಪು ತಿಕ್ಕಿ
ಆಮೇಲೆ ಮಗಳನ್ನು ಎತ್ತಿಕೊಳ್ಳುವುದು.
ಪ್ರಣತಿ ಮೊದಲು ನನ್ನ ಕೈ ಮೂಸುತ್ತಾಳೆ,
ಆಮೇಲೆ ಕೆನ್ನೆ ಕೊಡುತ್ತಾಳೆ.

ಅತ್ತೆ ಹಾಲಮ್ಮ ಒಮ್ಮೆ, ಪ್ರೀತಿಗೇ,
ಬೆರಳ ತುದಿಯ ಚಟ್ನಿಪುಡಿ ನೆಕ್ಕಿಸಿದ್ದಳು.
ತುಟಿ ಊದಿತು. ಉಸಿರು ಸೀಟಿ ಹೊಡೆಯಿತು.
ಗೋಪಾಳದಿಂದ ಮೆಗ್ಗಾನ್ ಆಸ್ಪತ್ರೆವರೆಗೆ
ಆಟೋದಲ್ಲಿ ಯಾರೂ ಮಾತಾಡಲಿಲ್ಲ.
ಅಂದಿನಿಂದ ಅತ್ತೆ
ಸಾಸಿವೆ ಸಿಡಿದರೂ ಬೆಚ್ಚುತ್ತಾಳೆ.

ಅಧ್ಯಯನಕ್ಕೆ ಸೇರಿಸಿದೆವು. ಹನ್ನೊಂದು ಪುಟದ ಒಪ್ಪಿಗೆ ಪತ್ರ.
ಕೆಲವು ಮಕ್ಕಳಿಗೆ ಶೇಂಗಾ ಹಿಟ್ಟು, ಕೆಲವರಿಗೆ ಬರೀ ಓಟ್ಸ್ ಹಿಟ್ಟು,
ಯಾರಿಗೆ ಯಾವುದೋ ನಮಗೂ ಗೊತ್ತಿರುವುದಿಲ್ಲ ಎಂದರು ಸಿಸ್ಟರ್ ಫ್ಲೇವಿಯಾ.
ನಿಮಗೂ?
ನಮಗೂ.
ಗೊತ್ತಿಲ್ಲ ಎಂಬುದನ್ನು ಅಷ್ಟು ಖಚಿತವಾಗಿ
ಯಾವ ಡಾಕ್ಟರೂ ನನಗೆ ಹೇಳಿರಲಿಲ್ಲ.

ಒಂದು ವರ್ಷ. ನಂಬರು ಹಾಕಿದ ಪುಡಿ ಪೊಟ್ಟಣ,
ಕಿವುಚಿದ ಪುಟ್ಟಬಾಳೆ, ಒಂದು ಚಮಚ.
ಡೋಸು ಏರಿಸಿದ ದಿನವೆಲ್ಲ ಆಸ್ಪತ್ರೆಯ ಬೆಂಚಲ್ಲಿ ಎರಡು ತಾಸು
ಅವಳ ಕುತ್ತಿಗೆಯನ್ನೇ ನೋಡುತ್ತ ಕೂತೆ,
ಚೆಕಿಂಗಿನವರು ಹತ್ತಿದಾಗ ಕ್ಯಾಶ್ ಬ್ಯಾಗನ್ನು ನೋಡುವ ಹಾಗೆ.
ಒಂದು ರಾತ್ರಿ ತೋಳೆಲ್ಲ ಕೆಂಪು ದದ್ದು.
ಸಿರಿಂಜು ಹಿಡಿದುಕೊಂಡೇ ಬೆಳಗು ಮಾಡಿದೆ.

ಕೊನೆಗೆ ಲಕೋಟೆ ಒಡೆದರು.
ಓಟ್ಸು.
ವರ್ಷವಿಡೀ ಓಟ್ಸು.
ಆ ರಾತ್ರಿಯದು ಸೊಳ್ಳೆಯಿರಬೇಕು.

ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.
ಡಾಕ್ಟರು ಮೆಲ್ಲಗೆ ಹೇಳಿದರು:
ಆಚೆ ಗುಂಪಿನ ಮಕ್ಕಳಲ್ಲಿ ಕೆಲವರು
ಈಗ ಇಡೀ ಬೀಜ ತಿಂದು ಆಡುತ್ತಾರಮ್ಮ.
ಅದು ಔಷಧದಿಂದಲೇ ಎಂದು ಗೊತ್ತಾಗಬೇಕಾದರೆ
ತಿನ್ನದ ಮಗುವೂ ಬೇಕಿತ್ತು.

ದಿನಾ ನೂರಾರು ಹೆಂಗಸರಿಗೆ
ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತೇನೆ.
ದುಡ್ಡೇ ಇಲ್ಲದ್ದಕ್ಕೆ ಚೀಟಿ ಯಾಕೆ ತಾಯಿ
ಎಂದು ಬಿ.ಎಚ್. ರಸ್ತೆಯಲ್ಲಿ ಹತ್ತಿದ ಅಜ್ಜಿ ಕೇಳಿದ್ದಳು.
ಲೆಕ್ಕಕ್ಕೆ ಅಜ್ಜಿ, ನಾನಂದಿದ್ದೆ,
ನೀನು ಬಸ್ಸಲ್ಲಿದ್ದೆ ಅಂತ ಎಲ್ಲಾದರೂ ಬರೆದಿರಬೇಕಲ್ಲ.

ಇವತ್ತು ನಿಜದ ಪುಡಿ. ಮೂರು ಮಿಲಿಗ್ರಾಂ,
ಉಸಿರು ಬಿಟ್ಟರೆ ಹಾರಿಹೋಗುವಷ್ಟು.
ಬೇಡ ಎಂದರೂ ನಡೆಯುತ್ತದೆ ಎಂದಿದ್ದರು.
ಸಹಿ ಹಾಕಿದ್ದು ನಾನೇ.

ಪ್ರಣತಿ ಚಮಚ ಮೂಸಿದಳು.
ಅದೇನಾ ಅಮ್ಮ?
ಅದೇ ಪುಟ್ಟಿ, ಎಂದೆ. ಬಾಯಿ ತೆರೆದಳು.
ಫ್ಲೇವಿಯಾ ಗೋಡೆಯ ಗಡಿಯಾರ ನೋಡಿ ಬರೆದುಕೊಂಡರು,
ಒಂಬತ್ತು ಹನ್ನೆರಡು.